ಅಮ್ಮಿಯ ಪೌರನೀತಿ

ನನ್ನ ಕಾರಿಗೆ ಒಂದು ಕೆಟ್ಟ ಅಭ್ಯಾಸವಿದೆ. ಸ್ಟಾರ್ಟ್ ಮಾಡಿದ ಕೂಡಲೇ ಅದು ನನ್ನ ಫೋನನ್ನು ಹುಡುಕಿ, ಅದರೊಳಗಿನ ಧ್ವನಿಗಳಲ್ಲಿ ಅಕ್ಷರಮಾಲೆಯ ಪ್ರಕಾರ ಮೊದಲು ಬರುವುದನ್ನು ಯಾರನ್ನೂ ಕೇಳದೆ ಹಾಕಿಬಿಡುತ್ತದೆ. ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯನ್ನು ಊಟಕ್ಕೆ ಕರೆದುಕೊಂಡು ಹೊರಟಿದ್ದೆ. ವರ್ಜೀನಿಯಾದ ಶ್ಯಾಂಟಿಲಿಯ ಪಾರ್ಕಿಂಗ್ ಲಾಟಿನ ನಡುವೆ ನನ್ನ ಅಮ್ಮಿ ಪೂರ್ತಿ ವಾಲ್ಯೂಮಿನಲ್ಲಿ ಅಮೆರಿಕದ ಸಂವಿಧಾನವನ್ನು ರಾಗವಾಗಿ ಹೇಳತೊಡಗಿದರು. "ದ ಕಾನ್‌ಸ್ಟಿಟ್ಯೂಷನ್... ಸೆಟ್ಸ್ ಅಪ್ ದ ಗವರ್ನ್‌ಮೆಂಟ್... ವಿ ದ ಪೀಪಲ್..." ಮಾತು ಅಮೆರಿಕದ್ದು, ರಾಗ ಮಾತ್ರ ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕರದು.

"ಇದು ನಿಮ್ಮ ಪ್ರಾರ್ಥನೆಯಾ?" ಎಂದು ಆ ಹುಡುಗಿ ಬಹಳ ಮರ್ಯಾದೆಯಿಂದ ಕೇಳಿದಳು.

"ಒಂದು ರೀತಿಯಲ್ಲಿ ಹೌದು" ಎಂದು ಹಾಡನ್ನು ಆಫ್ ಮಾಡಿದೆ. ಮನೆಯ ವಿಷಯ ಹೊರಗೆ ಹೇಳುವುದು ನನ್ನ ಸ್ವಭಾವವಲ್ಲ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತಿರುವುದು, ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ ಎಂಬ ಧೈರ್ಯದಿಂದ.

ನಾವು ಈ ದೇಶಕ್ಕೆ ಬಂದದ್ದು ಇಬ್ಬರೇ, ಅಮ್ಮಿ ಮತ್ತು ನಾನು. ಷಾರ್ಲೆಟ್‌ನಲ್ಲಿರುವ ಮಾಮು, ಅಂದರೆ ಅಮ್ಮಿಯ ತಮ್ಮ, ಎಂದೋ ಅಕ್ಕನಿಗಾಗಿ ಹಾಕಿದ್ದ ಅರ್ಜಿ ನಾವೆಲ್ಲ ಅದನ್ನು ಮರೆತ ಮೇಲೆ, ಅಬ್ಬಾ ತೀರಿಕೊಂಡ ಮೇಲೆ, ಮಂಜೂರಾಯಿತು. ನಾನಾಗ ಮೈಸೂರಿನಲ್ಲಿ ಡಿಗ್ರಿಯ ಮೊದಲ ವರ್ಷದಲ್ಲಿದ್ದೆ. ಉಳಿದ ಓದನ್ನು ಫೇರ್‌ಫ್ಯಾಕ್ಸ್‌ನಲ್ಲಿ ಮುಗಿಸಿ, ಒಂದು ಕಂಪನಿಯಲ್ಲಿ ಬೇರೆಯವರು ಕೂಡಿಸಿಟ್ಟ ಅಂಕಿಅಂಶಗಳಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಸೇರಿದೆ. ಆ ಕೆಲಸವನ್ನು ಮನೆಗೂ ತರುತ್ತೇನೆ ಎಂಬುದು ಅಮ್ಮಿಯ ದೂರು.

ಮೈಸೂರಿನ ಅಮ್ಮಿಯನ್ನು ನೀವು ನೋಡಬೇಕಿತ್ತು. ನೋಡುವ ಮೊದಲು ಕೇಳಿಸುತ್ತಿದ್ದರು. ಮಂಡಿ ಮೊಹಲ್ಲಾದ ನಮ್ಮ ಬೀದಿಯಲ್ಲಿ ಬದನೆಕಾಯಿ ಗಾಡಿಯವನು ನಮ್ಮ ಮನೆ ಹತ್ತಿರ ಬಂದಾಗ ತಾನೇ ಬೆಲೆ ಇಳಿಸಿ ಕೂಗುತ್ತಿದ್ದ. ಹೇಗೂ ಇಳಿಸಬೇಕಲ್ಲ, ಮಾತಾದರೂ ಉಳಿಯಲಿ ಎಂದು. ನನ್ನನ್ನು ಹೈಸ್ಕೂಲಿಗೆ ಸೇರಿಸಲು ಹೋದಾಗ ಹೆಡ್‌ಮಿಸ್ಟ್ರೆಸ್ ನನ್ನನ್ನು ಏನೇನೋ ಕೇಳಿದರು. ಎಲ್ಲವೂ ಗೊತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಅವರು ಫೈಲು ಮುಚ್ಚುವಷ್ಟರಲ್ಲಿ ಅಮ್ಮಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಮೇಡಂ, ಮಾತಾಡಲ್ಲ ಅಂದ ಮಾತ್ರಕ್ಕೆ ಬುದ್ಧಿ ಇಲ್ಲ ಅಂದ್ಕೋಬೇಡಿ. ನನ್ನನ್ನ ಕೇಳಿ, ಇವಳಿಗೆ ಏನೇನು ಗೊತ್ತು ಅಂತ ನಾನು ಹೇಳ್ತೀನಿ."

ಹೇಳಿದರು. ಅರ್ಧ ಗಂಟೆ ಹೇಳಿದರು. ನನಗೆ ಗೊತ್ತಿಲ್ಲದ ಕೆಲವನ್ನೂ ನನ್ನ ಲೆಕ್ಕಕ್ಕೆ ಸೇರಿಸಿದರು. ಸೀಟು ಸಿಕ್ಕಿತು. ಆ ಶಾಲೆಯಲ್ಲಿ ಅಮ್ಮಿಯ ಸಂದರ್ಶನದ ಮೇಲೆ ಸೇರಿದ ಏಕೈಕ ವಿದ್ಯಾರ್ಥಿನಿ ನಾನೇ ಇರಬೇಕು.

ಅಂಥ ಅಮ್ಮಿ ವರ್ಜೀನಿಯಾಕ್ಕೆ ಬಂದು ಮೌನವಾದರು. ಇಂಗ್ಲಿಷ್ ಬರುತ್ತಿರಲಿಲ್ಲ ಎಂದಲ್ಲ. ಓದಿದರೆ ಅರ್ಥವಾಗುತ್ತಿತ್ತು. ಆದರೆ ಕೌಂಟರಿನ ಆಚೆಯವರು ಮಾತಾಡುವ ವೇಗಕ್ಕೆ ಅಮ್ಮಿ ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದರು. ಮೇಲಾಗಿ ಮಾಸ್ಕಿನ ದಿನಗಳು ಬಂದವು, ತುಟಿಯೂ ಕಾಣದಾಯಿತು. ಹೀಗೆ, ಬಾಯಿ ತೆರೆಯದ ನಾನು ಅಮ್ಮಿಯ ಬಾಯಿಯಾದೆ. ಡಾಕ್ಟರು, ಬ್ಯಾಂಕು, ಔಷಧಿ ಅಂಗಡಿ, ಎಲ್ಲ ಕಡೆ ನಾನೇ. ಅವರ ಹುಟ್ಟಿದ ದಿನಾಂಕವನ್ನು ಅವರಿಗಿಂತ ಹೆಚ್ಚು ಸಲ ನಾನು ಹೇಳಿದ್ದೇನೆ. ಕ್ರಮೇಣ ಜನ ಅಮ್ಮಿಯನ್ನು ನೋಡುವುದನ್ನೇ ಬಿಟ್ಟರು. "ಅವರಿಗೆ ಯಾವುದಾದರೂ ಔಷಧಿ ಆಗಿಬರುವುದಿಲ್ಲವೇ?" ಎಂದು ನನ್ನನ್ನು ಕೇಳುತ್ತಿದ್ದರು, ಅಮ್ಮಿ ಪಕ್ಕದಲ್ಲೇ ನಿಂತಿರುವಾಗ. ಒಂದು ದಿನ ಹಾಗೆ ಕೇಳಿಸಿಕೊಂಡು ಮನೆಗೆ ಬರುವಾಗ ಅಮ್ಮಿ ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತಾ ಅಂದರು, "ನಾನು ಅಲ್ಲೇ ಇದ್ದೆ, ಅಲ್ವಾ?"

 

ಆಮೇಲೆ ಪೌರತ್ವಕ್ಕೆ ಅರ್ಜಿ ಹಾಕುವ ಕಾಲ ಬಂತು. ಇಬ್ಬರೂ ಒಟ್ಟಿಗೆ ಹಾಕಿದೆವು. ನೂರು ಪ್ರಶ್ನೆಗಳನ್ನು ಮೊದಲೇ ಕೊಡುತ್ತಾರೆ. ಅದರಲ್ಲಿ ಹತ್ತನ್ನು ಅಧಿಕಾರಿ ತಮಗೆ ಬೇಕಾದಂತೆ ಆರಿಸಿ ಬಾಯಲ್ಲಿ ಕೇಳುತ್ತಾರೆ, ಆರು ಸರಿಯಾದರೆ ಪಾಸು. ಜೊತೆಗೆ ಒಂದಿಷ್ಟು ಇಂಗ್ಲಿಷ್ ಓದು, ಉಕ್ತಲೇಖನ, ಅರ್ಜಿಯ ಬಗ್ಗೆ ಮಾತುಕತೆ. ಮುಖ್ಯವಾದ ಸಂಗತಿಯೆಂದರೆ ಅಮ್ಮಿಯ ಕೋಣೆಯೊಳಗೆ ನಾನು ಹೋಗುವ ಹಾಗಿರಲಿಲ್ಲ.

ಮಾಮುಗೆ ಕಳವಳವಾಯಿತು. ಷಾರ್ಲೆಟ್‌ನಿಂದ ಫೋನ್ ಮಾಡಿದರು. ಅವರಿಬ್ಬರ ದಖ್ಖನಿ ಉರ್ದುವನ್ನು ಇಲ್ಲಿ ಕನ್ನಡ ಮಾಡಿ ಕೊಡುತ್ತಿದ್ದೇನೆ. ಮೂಲದಲ್ಲಿ ಇನ್ನೂ ಖಾರವಿತ್ತು.

"ಆಪಾ, ಅವಸರ ಏನು? ವಯಸ್ಸಾಗಿ, ಇಲ್ಲಿ ಇನ್ನಷ್ಟು ವರ್ಷ ಕಳೆದರೆ ನಮ್ಮ ಭಾಷೆಯಲ್ಲೇ ಕೇಳ್ತಾರೆ. ಇಂಟರ್‌ಪ್ರೆಟರ್ ಇಟ್ಕೋಬಹುದು."

"ಇಂಟರ್‌ಪ್ರೆಟರ್ ಮನೇಲೇ ಇದ್ದಾಳಪ್ಪಾ. ಅವಳಿಂದ ತಪ್ಪಿಸ್ಕೊಳ್ಳೋಕೇ ಈ ಪರೀಕ್ಷೆ."

ನಾನು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದೆ. ಸ್ಪೀಕರ್ ಆನ್ ಆಗಿತ್ತು. ಅದು ಅಮ್ಮಿಗೆ ಗೊತ್ತಿತ್ತು ಎಂದೇ ನನ್ನ ನಂಬಿಕೆ.

ನಮ್ಮ ಮನೆಯ ಮಾತು ದಖ್ಖನಿಯಾದರೂ, ಓದಿನ ವಿಷಯ ಬಂದರೆ ಅಮ್ಮಿ ಕನ್ನಡಕ್ಕೆ ತಿರುಗುತ್ತಾರೆ. ಅವರು ಓದಿದ್ದು ಮೈಸೂರಿನ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಪ್ರಶ್ನೆಗಳ ಪುಸ್ತಕ ನೋಡಿದ ಕೂಡಲೇ ಅವರ ಮುಖ ಅರಳಿತು.

"ಅಯ್ಯೋ, ಇದು ಪೌರನೀತಿ! ನನಗೆ ಪೌರನೀತಿ ಅಂದ್ರೆ ಬಲು ಇಷ್ಟ ಇತ್ತು. ಸರಿ, ಮೊದಲು ಹೇಳು, ಇಲ್ಲಿ ಪ್ರಧಾನಮಂತ್ರಿ ಯಾರು?"

"ಇಲ್ಲಿ ಪ್ರಧಾನಮಂತ್ರಿ ಇಲ್ಲ ಅಮ್ಮಿ."

"ಇಲ್ಲ ಅಂದ್ರೆ?"

"ಆ ಹುದ್ದೇನೇ ಇಲ್ಲ."

"ಹಾಗಾದ್ರೆ ಕೆಲಸ ಯಾರು ಮಾಡ್ತಾರೆ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಪುಸ್ತಕ ತೆರೆದರು.

ಅಮ್ಮಿಯ ಶಾಲೆಯಲ್ಲಿ ಎಲ್ಲವನ್ನೂ ಕೋರಸ್ಸಿನಲ್ಲಿ ಕಲಿಸುತ್ತಿದ್ದರಂತೆ. ಮಗ್ಗಿ, ತಿಂಗಳುಗಳು, ನದಿಗಳು, ರಾಜಧಾನಿಗಳು, ಎಲ್ಲಕ್ಕೂ ಒಂದೇ ರಾಗ. ಟೀಚರ್ ಕೋಲನ್ನು ಮೇಜಿಗೆ ತಟ್ಟಿದರೆ ಇಡೀ ತರಗತಿ ತೂಗಾಡುತ್ತಾ ಶುರು. ಅಮ್ಮಿ ಅದೇ ದಾರಿ ಹಿಡಿದರು. ಪ್ರಶ್ನೆಗಳನ್ನು ಬಿಟ್ಟು ಉತ್ತರಗಳನ್ನಷ್ಟೇ ಪೋಣಿಸಿ ಹಾಡು ಮಾಡಿಕೊಂಡರು. ಈರುಳ್ಳಿ ಹುರಿಯುವಾಗ ಹಾಡಿದರು, ಲಾಂಡ್ರಿ ಕೋಣೆಯಲ್ಲಿ ಹಾಡಿದರು. ನಮ್ಮ ಅಪಾರ್ಟ್‌ಮೆಂಟಿನ ಮೇಲೆ ಡಲ್ಲೆಸ್‌ಗೆ ಹೋಗಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನ ಹಾದುಹೋಗುವಾಗ ಸ್ವಲ್ಪ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟ ಕಡೆಯಿಂದ ಹಿಡಿದರು. ಕೆಲವೇ ವಾರಗಳಲ್ಲಿ ನೂರೂ ಬಾಯಿಪಾಠ. ತಪ್ಪು ಹುಡುಕುವ ನನಗೂ ಒಂದೂ ತಪ್ಪು ಸಿಗಲಿಲ್ಲ. ಹೆಮ್ಮೆಯಿಂದ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕಾರಿನಲ್ಲಿ ಹಾಡುವುದು ಅದೇ.

ಪರೀಕ್ಷಕಿಯಾಗಿ ಕೆಳಗಿನ ಮನೆಯ ಐರಿನ್ ಆಂಟಿಯನ್ನು ಕರೆದೆವು. ಅವರು ಉಡುಪಿ ಕಡೆಯವರು, ಇಲ್ಲಿ ನರ್ಸ್, ಪೌರತ್ವ ಪಡೆದು ಬಹಳ ಕಾಲವಾಗಿದೆ. ಡ್ಯೂಟಿ ಮುಗಿಸಿ ಬಂದವರು ಬಾಗಿಲಲ್ಲೇ ಗಂಭೀರವಾದರು.

"ಈಗ ನಾನು ಆಫೀಸರ್. ನನ್ನ ಗುರ್ತ ಇಲ್ಲದ ಹಾಗೆ ಇರ್ಬೇಕು ನೀವು, ಆಯ್ತಾ ಶಾಹಿದಾ?"

"ಆಯ್ತು. ಚಾಯ್ ಕುಡೀತೀರಾ?"

"ಆಫೀಸರ್‌ಗೆ ಚಾಯ್ ಕೇಳ್ಬಾರ್ದು ಮಾರಾಯ್ತಿ! ...ಸಕ್ಕರೆ ಕಮ್ಮಿ ಹಾಕಿ."

ಚಾಯ್ ಬಂದ ಮೇಲೆ ಪರೀಕ್ಷೆ ಶುರುವಾಯಿತು. ಆಂಟಿ ಪುಸ್ತಕವನ್ನು ಕೊನೆಯ ಕಡೆ ಎಲ್ಲೋ ತೆರೆದು, ಮೆಕ್ಸಿಕೋದ ಗಡಿಗೆ ತಾಗಿದ ಒಂದು ರಾಜ್ಯದ ಹೆಸರು ಕೇಳಿದರು.  ಅಮ್ಮಿಯ ಕಣ್ಣು ಮುಚ್ಚಿತು, ತುಟಿ ಅಲ್ಲಾಡತೊಡಗಿತು, ತಲೆ ಸಣ್ಣಗೆ ತೂಗಿತು. ಆಂಟಿ ಕಾದರು, ಚಾಯ್ ಮುಗಿಸಿದರು, ಕಪ್ಪನ್ನು ಕೆಳಗಿಟ್ಟರು.

"ಎಂತ ಶಾಹಿದಾ, ಜಪ ಮಾಡುದಾ?"

"ಬರ್ತಾ ಇದ್ದೀನಿ ಐರಿನ್, ಇನ್ನೂ ಅಧ್ಯಕ್ಷರ ಹತ್ರ ಇದ್ದೀನಿ."

ಆಗ ನಮಗೆ ಅರ್ಥವಾಯಿತು. ಏಳೆಂಟ್ಲ ಎಷ್ಟು ಎಂದು ಕೇಳಿದರೆ ಏಳೊಂದ್ಲ ಏಳರಿಂದ ಹೊರಡುವವರಂತೆ, ಅಮ್ಮಿ ಪ್ರತಿ ಪ್ರಶ್ನೆಗೂ ಸಂವಿಧಾನದಿಂದ ಹೊರಡುತ್ತಿದ್ದರು.

"ಅಲ್ಲ ಮಾರಾಯ್ತಿ, ಮೆಕ್ಸಿಕೋ ಇರುದು ಕೊನೇಲಿ. ನೀವು ಒಂದರಿಂದ ನಡ್ಕೊಂಡು ಬಂದ್ರೆ ಆಫೀಸರ್ ಊಟಕ್ಕೆ ಹೋಗಿ ಮಲಗಿ ಎದ್ದು ಬರ್ತಾನೆ!"

ಅಮ್ಮಿ ನಕ್ಕರು. ಆದರೆ ಆ ಸಂಜೆ ಈರುಳ್ಳಿ ಹುರಿಯುವಾಗ ಹಾಡಲಿಲ್ಲ.

ನಾನು ಸುಮ್ಮನಿರುತ್ತೇನೆಯೇ. ಯೂನಿವರ್ಸಿಟಿ ಕಲಿಸಿದ ವಿದ್ಯೆಯನ್ನೆಲ್ಲ ಹೊರತೆಗೆದೆ. ಪ್ರತಿ ಪ್ರಶ್ನೆಗೊಂದು ಕಾರ್ಡು, ವಿಷಯಕ್ಕೊಂದು ಬಣ್ಣ, ಮನಸ್ಸಿಗೆ ಬಂದಂತೆ ಕಲಸಿ ಡಬ್ಬಿಯಲ್ಲಿಟ್ಟು, ನಡುವಿನಿಂದ ಒಂದನ್ನು ಎತ್ತಿ ಓದಬೇಕೆಂದು ಹೇಳಿ ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ಕಾರ್ಡುಗಳೆಲ್ಲ ಒಂದರಿಂದ ನೂರರವರೆಗೆ ನೀಟಾಗಿ ಜೋಡಣೆಯಾಗಿ, ರಬ್ಬರ್ ಬ್ಯಾಂಡಿನೊಳಗೆ ಕೂತಿದ್ದವು.

"ಚೆಲ್ಲಾಪಿಲ್ಲಿ ಆಗಿತ್ತು ಬೇಟಾ. ಪಾಪ, ನಿನಗೆ ಟೈಮ್ ಇರಲಿಲ್ಲ ಅನ್ಸುತ್ತೆ. ನಾನೇ ಸರಿ ಮಾಡಿಟ್ಟೆ."

ಮರುದಿನ ಮತ್ತೆ ಕಲಸಿದೆ. ಮತ್ತೆ ಜೋಡಿಸಿದರು. ಕಲಸುವುದು, ಜೋಡಿಸುವುದು ಕೆಲವು ದಿನ ನಡೆಯಿತು. ಕೊನೆಗೆ ನಾನು ಸೋತು, ಸರ್ಕಾರದ ಮೂರು ಅಂಗಗಳನ್ನು ವಿವರಿಸಲು ಕೂತೆ. ಅಂಗಗಳ ನಡುವಿನ ಅಧಿಕಾರ ವಿಭಜನೆಯ ಬಗ್ಗೆ ಬಾಣದ ಗುರುತು ಹಾಕಿ ಚಿತ್ರ ಬರೆದೆ. ಅಮ್ಮಿ ಅದನ್ನು ಒಂದಿಷ್ಟು ಹೊತ್ತು ನೋಡಿ, "ಕಾಂಗ್ರೆಸ್‌ನಲ್ಲಿ ಎರಡು ಮನೆ ಯಾಕೆ?" ಎಂದು ಇಲ್ಲಿನ ಸಂಸತ್ತಿನ ಎರಡು ಸದನಗಳ ಬಗ್ಗೆ ಕೇಳಿದರು. ನಾನು ದೊಡ್ಡ ರಾಜ್ಯ, ಸಣ್ಣ ರಾಜ್ಯ ಎಂದು ಶುರುಮಾಡಿದೆ. ಅವರು ಕೈ ಎತ್ತಿದರು.

"ಗೊತ್ತಾಯ್ತು ಬಿಡು. ನಮ್ಮ ಮನೆ ಥರ. ಗಂಡಸರು ಹೊರಗಿನ ಕೋಣೇಲಿ, ಹೆಂಗಸರು ಒಳಗಿನ ಅಂಗಳದಲ್ಲಿ. ಎರಡೂ ಕಡೆ ಒಪ್ಪಿದ್ರೆ ಮಾತ್ರ ಮದುವೆ ಮಾತು ಮುಂದಕ್ಕೆ."

ಮಂಡಿ ಮೊಹಲ್ಲಾದ ನಮ್ಮ ತುಂಬಿದ ಮನೆಯನ್ನು ಅಮ್ಮಿ ಹೀಗೆ ವಾಷಿಂಗ್ಟನ್ನಿಗೆ ಸಾಗಿಸಿದರು. ಎರಡು ಕಡೆಯೂ ಒಪ್ಪಿದ್ದು ದಾದಾರ, ಅಂದರೆ ನನ್ನ ಅಜ್ಜನ, ಮುಂದೆ ಬರುತ್ತಿತ್ತು. ಅವರು ಪೇಪರ್ ಮಡಿಸಿ ತಲೆಯಾಡಿಸಿದರೆ ಸಹಿ ಬಿದ್ದ ಹಾಗೆ. ಗಂಟಲು ಸರಿಮಾಡಿಕೊಂಡರೆ ವೀಟೋ. ಇದೆಲ್ಲ ಮುಗಿದ ಮೇಲೆ ಚನ್ನಪಟ್ಟಣದಿಂದ ನಮ್ಮ ಅಜ್ಜಿ ದಾದಿಯ ಅಕ್ಕ ಬಸ್ಸಿಳಿದು, ಪಾನ್ ಬಾಯಿಗೆ ಹಾಕಿಕೊಂಡು, "ಯಾರು ಹೇಳಿದ್ದು ಇದನ್ನ?" ಎಂದರೆ ಎಲ್ಲ ತಲೆಕೆಳಗು. ಆಕೆಯ ಮೇಲೆ ಅಪೀಲು ಇರಲಿಲ್ಲ. ಅದೇ ಸುಪ್ರೀಂ ಕೋರ್ಟು. ಒಬ್ಬರ ಕೈ ಮೇಲಾಗದಂತೆ ತಡೆಯುವ ಚೆಕ್ಸ್ ಅಂಡ್ ಬ್ಯಾಲೆನ್ಸಸ್ ಎಂದರೆ ದಾದಿಯ ಸೊಂಟದಲ್ಲಿದ್ದ ಉಗ್ರಾಣದ ಬೀಗದ ಕೈ. ದಾದಾ ಎಷ್ಟೇ ಜನರನ್ನು ಬಿರಿಯಾನಿಗೆ ಕರೆದರೂ ಅಕ್ಕಿ ಹೊರಬರಬೇಕಲ್ಲ.

"ಅಮ್ಮಿ, ಇದು ಪೂರ್ತಿ ಸರಿ ಅಲ್ಲ. ದುಡ್ಡಿನ ಅಧಿಕಾರ ಕಾಂಗ್ರೆಸ್‌ದು. ನೀವು ದಾದೀನ ಬೇರೆ ಇಟ್ಟಿದ್ದೀರಿ..."

"ಆಫೀಸರ್ ನಿನ್ನ ದಾದಿ ಬಗ್ಗೆ ಕೇಳಲ್ಲ, ಬಿಡು."

ಅಚ್ಚರಿಯೆಂದರೆ, ಸರ್ಕಾರದ ಪ್ರಶ್ನೆಗಳನ್ನು ಎಲ್ಲಿಂದ ಕೇಳಿದರೂ ಈಗ ಥಟ್ಟನೆ ಉತ್ತರ ಬರುತ್ತಿತ್ತು. ಉಳಿದವಕ್ಕೆ, ಅಂದರೆ ಯುದ್ಧ, ನದಿ, ಹಬ್ಬಗಳಿಗೆ, ಮನೆಯಲ್ಲಿ ಸಂಬಂಧಿಕರು ಸಾಲಲಿಲ್ಲ. ಆಗ ಐರಿನ್ ಆಂಟಿ ಒಂದು ಉಪಾಯ ಹೇಳಿದರು: ಉದ್ದದ ಹಾಡನ್ನು ಕತ್ತರಿಸಿ ಸಣ್ಣ ಸಣ್ಣ ಮಗ್ಗಿ ಮಾಡುವುದು. ನದಿ, ಸಾಗರ, ಗಡಿ ಏನು ಕೇಳಿದರೂ ನದಿಯ ಮಗ್ಗಿಯ ಮೊದಲಿಂದ ಹೊರಟರೆ ಸಾಕು, ಸಂವಿಧಾನದವರೆಗೆ ಹೋಗಬೇಕಿಲ್ಲ.

ಇದಕ್ಕಿಂತ ಕಷ್ಟವಾದದ್ದು ನಾವು ಸುಲಭವೆಂದುಕೊಂಡ ಭಾಗ. ಅರ್ಜಿಯಲ್ಲಿ ನಿಮ್ಮ ನಡತೆಯ ಬಗ್ಗೆ ಸಾಲು ಸಾಲು ಪ್ರಶ್ನೆಗಳಿರುತ್ತವೆ. ಅವನ್ನು ಅಧಿಕಾರಿ ಮತ್ತೆ ಬಾಯಲ್ಲಿ ಕೇಳುತ್ತಾರೆ, ನೀವು ಪ್ರಮಾಣ ಮಾಡಿ ಉತ್ತರಿಸಬೇಕು. ನಾನು ಅಭ್ಯಾಸಕ್ಕೆಂದು ಕೇಳಿದೆ, "ನೀವು ಯಾವತ್ತಾದರೂ ಕುಡಿತದ ಚಟಕ್ಕೆ ಬಿದ್ದಿದ್ದೀರಾ?"

ಅಮ್ಮಿ ಎರಡೂ ಕೆನ್ನೆ ತಟ್ಟಿಕೊಂಡರು. "ತೌಬಾ ತೌಬಾ!"

"ಹಾಗೆ ಹೇಳಬಾರದು ಅಮ್ಮಿ. ಬರೀ 'ನೋ' ಅನ್ನಿ."

"ಬರೀ 'ನೋ' ಅಂದ್ರೆ ಸಾಕಾ? ಮರ್ಯಾದಸ್ಥ ಹೆಂಗಸನ್ನ ಇಂಥದ್ದು ಕೇಳಿದಾಗ ಆರಾಮಾಗಿ 'ನೋ' ಅಂದ್ರೆ, ಏನೋ ಇದೆ ಅಂತ ಅವರಿಗೇ ಅನುಮಾನ ಬರಲ್ವಾ?"

ಜೂಜಿಗೂ ತೌಬಾ. ಸರ್ಕಾರ ಉರುಳಿಸುವ ಸಂಚಿಗೂ ತೌಬಾ. ಸುಳ್ಳು ದಾಖಲೆ ಕೊಟ್ಟಿದ್ದೀರಾ ಎಂದಾಗ ಕೆನ್ನೆ ತಟ್ಟಿಕೊಂಡು ಎದ್ದೇ ಹೋದರು. ಕೈಗಳನ್ನು ಹ್ಯಾಂಡ್‌ಬ್ಯಾಗಿನ ಮೇಲೆ ಒಂದರ ಮೇಲೊಂದು ಇಟ್ಟುಕೊಂಡು ಕೂರಬೇಕೆಂದು ಕೊನೆಗೆ ನಿರ್ಧಾರವಾಯಿತು. ಕೈ ಏಳದಿದ್ದರೆ ಬಾಯಿಯೂ ತಡೆದುಕೊಳ್ಳುತ್ತದೆ ಎಂಬುದು ಅಮ್ಮಿಯದೇ ಸಂಶೋಧನೆ.

ಸಂದರ್ಶನ ಇಬ್ಬರಿಗೂ ಒಂದೇ ಬೆಳಿಗ್ಗೆ ಬಂತು. ನನ್ನನ್ನು ಮೊದಲು ಕರೆದರು. ನನ್ನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸರ್ಕಾರದ ಒಂದು ಅಂಗ ಹೆಸರಿಸಿ ಎಂದಾಗ, ಎಲ್ಲ ಅಂಗಗಳನ್ನೂ ಹೇಳಿ, ಪ್ರತಿಯೊಂದರ ಕಾರ್ಯವ್ಯಾಪ್ತಿಗೆ ಕೈಹಾಕಿದ್ದೆ. ಹೆಚ್ಚು ಬರೆದರೆ ಹೆಚ್ಚು ಅಂಕ ಎಂಬ ಮೈಸೂರಿನ ಪರೀಕ್ಷೆಗಳ ಪಾಠ ಬಾಯಿಗೂ ಬಂದುಬಿಟ್ಟಿತ್ತು. ಅಧಿಕಾರಿಣಿ ಅಂಗೈ ತೋರಿಸಿ, "ಒಂದು ಸಾಕು" ಎಂದರು. ಮುಂದಿನ ಪ್ರಶ್ನೆಗೂ ಅಂಗೈ. ಮೂರನೆಯದಕ್ಕೆ ಅಂಗೈ ಸಿದ್ಧವಾಗಿಯೇ ಇತ್ತು. ಜೀವನದಲ್ಲಿ ಮೊದಲ ಬಾರಿಗೆ ನನಗೆ ಯಾರೋ ಮಾತು ಕಡಿಮೆ ಮಾಡಲು ಹೇಳಿದ್ದರು.

ಪಾಸಾಗಿ ಹೊರಬರುವಾಗ ಅಮ್ಮಿಯ ಹೆಸರು ಕೂಗಿದರು. ಹೆಸರನ್ನು ಅಡ್ಡಾದಿಡ್ಡಿ ಕೂಗಿದ್ದರಿಂದ ನಾನೇ "ಯೆಸ್" ಎನ್ನಲು ಹೊರಟಿದ್ದೆ. ಅಮ್ಮಿ ಆಗಲೇ ಎದ್ದಿದ್ದರು. ಹಸಿರು ಸಲ್ವಾರ್ ಕಮೀಜು, ಇಸ್ತ್ರಿ ಮಾಡಿದ ದುಪಟ್ಟಾ, ಎದೆಗವಚಿಕೊಂಡ ಬ್ಯಾಗು. ಎತ್ತರದ ಅಧಿಕಾರಿಯೊಬ್ಬರ ಹಿಂದೆ ನಡೆದುಹೋದರು. ಹಿಂತಿರುಗಿ ನೋಡಲಿಲ್ಲ. ಬಾಗಿಲು ಮುಚ್ಚಿತು.

ನನ್ನ ಪರೀಕ್ಷೆಗೆ ಹೆದರದವಳು ಆಗ ಹೆದರಿದೆ. ಫೇಲಾದರೆ ಇನ್ನೊಂದು ಅವಕಾಶವಿದೆ ಎಂಬುದು ನನಗೆ ಗೊತ್ತಿತ್ತು, ಅಮ್ಮಿಗೂ ಗೊತ್ತಿತ್ತು. ನನ್ನ ಹೆದರಿಕೆ ಅದರದ್ದಲ್ಲ. ಒಳಗೆ ಮಾತು ನಿಂತು, ಆ ಅಧಿಕಾರಿ ಹೊರಗೆ ಬಂದು, "ಇವರ ಮಗಳು ಯಾರು?" ಎಂದು ಕೇಳಿದರೆ, ಅಮ್ಮಿ ಮತ್ತೆ ಯಾವ ಕೌಂಟರಿನ ಮುಂದೆಯೂ ಬಾಯಿ ತೆರೆಯುವುದಿಲ್ಲ ಎಂದು ನನಗೆ ಖಚಿತವಿತ್ತು. ಬಾಗಿಲು ತೆರೆದಾಗಲೆಲ್ಲ ನಾನು ನೆಲ ನೋಡಿದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ನನ್ನನ್ನು ನೋಡಿ, ತಮಗೇ ಸಂದರ್ಶನವಿರುವುದನ್ನು ಮರೆತು, ಒಂದು ಪೆಪ್ಪರ್‌ಮಿಂಟ್ ಕೊಟ್ಟರು.

ಅಮ್ಮಿ ಹೊರಬಂದಾಗ ಮುಖದಲ್ಲಿ ಏನೂ ಕಾಣಲಿಲ್ಲ. ನನ್ನನ್ನು ದಾಟಿ ನೀರಿನ ನಲ್ಲಿಯ ಹತ್ತಿರ ಹೋಗಿ, ಬಗ್ಗಿ, ಸಾವಧಾನವಾಗಿ ಕುಡಿದು, ದುಪಟ್ಟಾದ ಅಂಚಿನಿಂದ ಬಾಯಿ ಒರೆಸಿಕೊಂಡರು.

"ಪಾಸ್" ಎಂದರು. ಅಷ್ಟೇ.

ಉಳಿದದ್ದು ಕಾರಿನಲ್ಲಿ ಬಂತು. ಬಂತು ಎಂದರೆ ಮಂಡಿ ಮೊಹಲ್ಲಾದ ಧ್ವನಿಯಲ್ಲಿ ಬಂತು. ನಾನು ಕಿಟಕಿ ಏರಿಸಬೇಕಾಯಿತು. ಕುಡಿತದ ಪ್ರಶ್ನೆಗೆ ಬ್ಯಾಗನ್ನು ಗಟ್ಟಿಯಾಗಿ ಹಿಡಿದು "ನೋ" ಎಂದರಂತೆ. ಜೂಜಿಗೂ "ನೋ". ಸರ್ಕಾರದ ಪ್ರಶ್ನೆಗಳಿಗೆ ದಾದಾ, ದಾದಿ ಸಾಲಾಗಿ ಬಂದು ನಿಂತರಂತೆ.

"ಆಮೇಲೆ ಕೇಳ್ದ ನೋಡು, ಅದೇ ಮೆಕ್ಸಿಕೋ! ಐರಿನ್ ಬಾಯಿ ಹರಕೆಯೇ ಸರಿ. ಎಲ್ಲಾ ಖಾಲಿ ಆಗೋಯ್ತು ಬೇಟಾ. ಅವನು ನೋಡ್ತಾ ಇದ್ದಾನೆ. ಪೆನ್ನು ಹಿಡಿದಿದ್ದಾನೆ."

"ಆಮೇಲೆ?"

"ನಾನು ಅಂದೆ, 'ಸರ್, ಪ್ಲೀಸ್ ವೇಟ್. ಐ ಆಮ್ ಕಮಿಂಗ್ ಫ್ರಮ್ ದ ಟಾಪ್.'"

ಸಿಗ್ನಲ್ ಹಸಿರಾಗಿತ್ತು. ನಾನು ಹೊರಡಲಿಲ್ಲ. ಹಿಂದಿನವರು ಹಾರ್ನ್ ಮಾಡಿದರು.

"ಏನಂದ್ರು ಅವರು?"

"'ಟೇಕ್ ಯುವರ್ ಟೈಮ್, ಮ್ಯಾಮ್' ಅಂದ. ತಗೊಂಡೆ. ಮಿಸ್ಸಿಸ್ಸಿಪ್ಪಿ, ಪೆಸಿಫಿಕ್, ಅಟ್ಲಾಂಟಿಕ್, ಗ್ವಾಮ್, ಮೇನ್, ಟೆಕ್ಸಾಸ್! ಟೆಕ್ಸಾಸ್ ಅಂದಾಗ ಸ್ವಲ್ಪ ಜೋರಾಯ್ತು ಅನ್ಸುತ್ತೆ. ಅವನು ನಕ್ಕುಬಿಟ್ಟ. 'ದಟ್ ಈಸ್ ಅ ನೈಸ್ ಸಾಂಗ್' ಅಂದ. ನಾನು, 'ಸರ್, ಗವರ್ನ್‌ಮೆಂಟ್ ಸ್ಕೂಲ್ ಸಾಂಗ್' ಅಂದೆ."

ನಾವು ಅಭ್ಯಾಸ ಮಾಡಿದ ವಾಕ್ಯಗಳಲ್ಲಿ ಇದು ಯಾವುದೂ ಇರಲಿಲ್ಲ. ಗುರುತೇ ಇಲ್ಲದ ಒಬ್ಬ ಅಧಿಕಾರಿಯ ಎದುರು ಕಾಯಿರಿ ಎಂದು ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಮಾತು ತೋಚದಿದ್ದರೆ "ಸಾರಿ" ಎಂದು ಎದ್ದುಬರುವವಳು ನಾನು. ಅಮ್ಮಿ ಕಾಯಿಸಿದ್ದರು. ಇಡೀ ಅಮೆರಿಕವನ್ನು ನದಿಯ ಮಗ್ಗಿ ಮುಗಿಯುವವರೆಗೆ ಕಾಯಿಸಿದ್ದರು. ರೂಟ್ ಐವತ್ತರ ಟ್ರಾಫಿಕ್ಕಿನಲ್ಲಿ ನನಗೆ ಎದೆಯುಬ್ಬಿ ಬಂತು. ಅದನ್ನು ತೋರಿಸುವ ವಿಧಾನ ನನಗೆ ತಿಳಿಯದ್ದರಿಂದ, "ಎಲ್ಲಾ ಸರಿ ಇತ್ತಾ?" ಎಂದು ಕೇಳಿದೆ.

"ಒಂದು ತಪ್ಪಾಯ್ತು."

"ಯಾವುದು?"

"ಹೇಳಲ್ಲ. ನೀನು ತಿದ್ದೋಕೆ ಕೂತ್ಕೋತೀಯ."

ಇವತ್ತಿನವರೆಗೂ ಹೇಳಿಲ್ಲ. ನೂರು ಪ್ರಶ್ನೆಗಳಲ್ಲಿ ಅದು ಯಾವುದಿರಬಹುದು ಎಂದು ನಾನು ಈಗಲೂ ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ.

ಕೆಲವು ವಾರಗಳ ನಂತರ ಪ್ರಮಾಣವಚನಕ್ಕೆ ಕರೆ ಬಂತು. ದೊಡ್ಡ ಸಭಾಂಗಣ, ಜಗತ್ತಿನ ಎಲ್ಲ ಕಡೆಯ ಜನ, ಹೊಸ ಬಟ್ಟೆ, ಅತ್ತರು, ಅಳುವ ಕೂಸುಗಳು. ಐರಿನ್ ಆಂಟಿ ರಜೆ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಷಾರ್ಲೆಟ್‌ನಿಂದ ಡ್ರೈವ್ ಮಾಡಿಕೊಂಡು ಬಂದ ಮಾಮು, ಅಕ್ಕ ಫೇಲಾಗುತ್ತಾರೆ ಎಂದು ತಾವು ಯಾವತ್ತೂ ಹೇಳಿರಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದರು. ಒಳಗೆ ಹೋಗುವ ಮೊದಲು ಒಂದು ಮೇಜಿನ ಮುಂದೆ ಸಾಲು ನಿಂತು ಕಾಗದ ತೋರಿಸಬೇಕಿತ್ತು. ನಮ್ಮ ಸರದಿ ಬಂದಾಗ ಮೇಜಿನಾಚೆಯ ಹೆಂಗಸು ಅಮ್ಮಿಯ ದುಪಟ್ಟಾ ನೋಡಿ, ನಂತರ ನನ್ನತ್ತ ತಿರುಗಿ, ಮೃದುವಾಗಿ ಕೇಳಿದಳು, "ಇವರಿಗೆ ಸಹಾಯ ಬೇಕಾ?"

ವರ್ಷಗಳ ರೂಢಿ. ನನ್ನ ಬಾಯಿ ತೆರೆದೇಬಿಟ್ಟಿತ್ತು.

ಅಮ್ಮಿ ಎಡಗೈಯನ್ನು ನನ್ನ ಮುಂದೆ ಅಡ್ಡ ಇಟ್ಟರು. ಬಲಗೈಯಿಂದ ನಮ್ಮಿಬ್ಬರ ಕಾಗದಗಳನ್ನೂ ಮೇಜಿನ ಮೇಲೆ ಸರಿಸಿದರು.

"ನೋ, ಥ್ಯಾಂಕ್ ಯು. ಯು ಆಸ್ಕ್ ಮಿ" ಎಂದರು. ಆಮೇಲೆ ನನ್ನ ಕಡೆ ತಲೆಯಾಡಿಸಿ, ಆ ಹೆಂಗಸಿಗೆ ಭರವಸೆ ಕೊಡುವವರಂತೆ, "ಶಿ ಈಸ್ ಮೈ ಡಾಟರ್. ವೆರಿ ಕ್ವೈಟ್ ಗರ್ಲ್. ಶಿ ಈಸ್ ವಿತ್ ಮಿ" ಎಂದರು.

ಆ ಹೆಂಗಸು ಕಣ್ಣು ಅಮ್ಮಿಯ ಕಡೆಗೆ ಹೊರಳಿಸಿದಳು. ಅಲ್ಲಿಂದ ಮುಂದೆ ಎಲ್ಲವನ್ನೂ ಅವರನ್ನೇ ಕೇಳಿದಳು. ನನ್ನ ಹುಟ್ಟಿದ ದಿನಾಂಕವನ್ನೂ ಅಮ್ಮಿಯೇ ಹೇಳಿದರು. ಸಭಾಂಗಣದಲ್ಲಿ ಎಲ್ಲರೂ ಎದ್ದು ನಿಂತು ಬಲಗೈ ಎತ್ತಿ ಪ್ರಮಾಣವಚನ ಶುರುಮಾಡುವವರೆಗೆ ನನಗೆ ಮಾತಾಡುವ ಕೆಲಸವೇ ಬರಲಿಲ್ಲ.